ಔರಾದ್ ಬಸ್ಸಿನ ಕಿಟಕಿ ಸೀಟು

ಕಳೆದ ಮಂಗಳವಾರ ಮೂರು ತಾಸು ನಾನು ಕಾಣೆಯಾಗಿದ್ದೆ.

ನನಗೆ ಗೊತ್ತಿರಲಿಲ್ಲ, ಅಷ್ಟೇ. ಕಾಣೆಯಾದವನಿಗೆ ತಾನು ಕಾಣೆಯಾಗಿದ್ದೇನೆ ಅಂತ ಹೇಗೆ ಗೊತ್ತಾಗಬೇಕು? ನಾನು ಭಾಲ್ಕಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಶೇಂಗಾ ತಿನ್ನುತ್ತ ಆರಾಮಾಗಿ ಕೂತಿದ್ದೆ. ಅದೇ ಹೊತ್ತಿಗೆ ಔರಾದಿನಲ್ಲಿ ನಾಲ್ಕು ಜನ ನನ್ನನ್ನು ಹುಡುಕುತ್ತಿದ್ದರು. ಬೀದರಿನ ಚಿದ್ರಿಯಲ್ಲಿ ನನ್ನ ಹೆಂಡತಿ ದೇವರ ಮುಂದೆ ದೀಪ ಹಚ್ಚಿದ್ದಳು. (ನಮ್ಮ ಮನೆಯಲ್ಲಿ ದೇವರನ್ನು ನಂಬದವನು ನಾನೊಬ್ಬನೇ. ದೀಪದ ಎಣ್ಣೆ ಹೆಚ್ಚು ಖರ್ಚಾಗುವುದೂ ನನ್ನ ಸಲುವಾಗಿಯೇ.)

ಔರಾದಿನ ಒಂದು ಕಾಲೇಜಿನಲ್ಲಿ ಮಧ್ಯಾಹ್ನ ನನ್ನ ಭಾಷಣವಿತ್ತು. ವಿಷಯ ಕೇಳಿ ನಗಬೇಡಿ. 'ಕಾಣೆಯಾದ ವಿಮಾನಗಳು ಮತ್ತು ವೈಜ್ಞಾನಿಕ ಮನೋಭಾವ.' ಬೆಳಿಗ್ಗೆ ಭಾಲ್ಕಿಯಲ್ಲಿ ಒಬ್ಬ ವಕೀಲರ ಹತ್ತಿರ ಕೆಲಸವಿತ್ತು. ಅದೇನೆಂದು ಆಮೇಲೆ ಹೇಳುತ್ತೇನೆ. ಅದನ್ನು ಮುಗಿಸಿ ಬಸ್ ನಿಲ್ದಾಣಕ್ಕೆ ಬಂದೆ. ಔರಾದ್ ಬಸ್ಸು ಬಂದು ನಿಂತಿತು. ಅದು ನಿಲ್ಲುವ ಮೊದಲೇ ಐವತ್ತು ಜನ ಬಾಗಿಲಿಗೆ ಮುತ್ತಿದರು.

ನಮ್ಮ ಕಡೆ ಇದಕ್ಕೊಂದು ಉಪಾಯವಿದೆ. ಹೊರಗಿನಿಂದಲೇ ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ಸೀಟಿನ ಮೇಲೆ ದಸ್ತಿ ಒಗೆಯುವುದು. ದಸ್ತಿ ಅಂದರೆ ಹೆಗಲ ಮೇಲಿನ ಬಟ್ಟೆ, ಬೆವರು ಒರೆಸಲಿಕ್ಕೆ, ತಲೆಗೆ ಸುತ್ತಲಿಕ್ಕೆ, ಸೀಟು ಹಿಡಿಯಲಿಕ್ಕೆ. ದಸ್ತಿ ಬಿದ್ದ ಸೀಟಿನಲ್ಲಿ ಯಾರೂ ಕೂಡುವುದಿಲ್ಲ. ರಿಸರ್ವೇಶನ್ ಟಿಕೆಟ್ಟಿಗೆ ಇಲ್ಲದ ಮರ್ಯಾದೆ ದಸ್ತಿಗಿದೆ. ಅದು ಇದ್ದರೆ ಮನುಷ್ಯ ಇದ್ದ ಹಾಗೆ.

ನಾನೂ ನನ್ನ ಹಸಿರು ಚೌಕಳಿಯ ದಸ್ತಿ ಒಗೆದೆ. ಸೀಟು ಸಿಕ್ಕಿತು ಅನ್ನುವ ನೆಮ್ಮದಿಯಲ್ಲಿ ಚಹಾ ಕುಡಿಯಲು ಹೋದೆ. ಬಂದು ನೋಡಿದರೆ ಬಸ್ಸಿಲ್ಲ. ಮುಂದಿನ ಬಸ್ಸಿಗೆ ಮೂರು ತಾಸು. ಫೋನಿನ ಚಾರ್ಜು ಮುಗಿದಿತ್ತು. ನಾನು ಶೇಂಗಾ ತೆಗೆದುಕೊಂಡೆ.

ಔರಾದಿನಲ್ಲಿ ಬಸ್ಸು ಹೋಗಿ ನಿಂತಾಗ ನನ್ನನ್ನು ಕರೆಯಲು ಬಂದಿದ್ದ ಉಪನ್ಯಾಸಕ ಶಿವರಾಜನಿಗೆ ಸಿಕ್ಕಿದ್ದು ದಸ್ತಿ ಮಾತ್ರ. ಫೋನ್ ಮಾಡಿದರೆ ಸ್ವಿಚ್ ಆಫ್. ಅವನು ಅಲ್ಲಿ ಇಲ್ಲಿ ವಿಚಾರಿಸಿದ. ಆಗ ಎದ್ದು ನಿಂತವರು ನಮ್ಮ ಕಾಶಿನಾಥ ಮಾಸ್ತರು. ಮೆಹಕರದ ಸಾಲಿಯಲ್ಲಿ ಪಾಠ ಹೇಳುವವರು, ಈ ಅಂಕಣವನ್ನು ತಪ್ಪದೆ ಓದಿ ತಪ್ಪದೆ ತಪ್ಪು ಹುಡುಕುವವರು. ಆವತ್ತು ಅವರೂ ಭಾಲ್ಕಿ ನಿಲ್ದಾಣದಲ್ಲಿದ್ದರು. "ಸರ್ ಆ ಬಸ್ಸಿನ್ಯಾಗೇ ಹೋಗ್ಯಾರ. ನಾ ಕಣ್ಣಾರೆ ನೋಡೀನಿ" ಎಂದು ಅವರು ಫೋನಿನಲ್ಲಿ ಸಾಕ್ಷಿ ಹೇಳಿದರು.

ಮುಗಿಯಿತು. ಬಸ್ಸು ಹತ್ತಿದವನು ಇಳಿಯಲಿಲ್ಲ ಅಂದರೆ ದಾರಿಯಲ್ಲೇ ಏನೋ ಆಗಿದೆ. ಎದೆ ಹಿಡಿದುಕೊಂಡಿರಬೇಕು ಅಂದ ಒಬ್ಬ. ದಾರಿಯ ಧಾಬಾದಲ್ಲಿ ಇಳಿದದ್ದನ್ನು ಕಂಡೆ ಅಂದ ಇನ್ನೊಬ್ಬ. ಎರಡು ಮೋಟರ್ ಸೈಕಲ್ಲುಗಳು ಭಾಲ್ಕಿ ರಸ್ತೆಯಲ್ಲಿ ನನ್ನನ್ನು ಹುಡುಕುತ್ತ ಹೊರಟವು. ನಾನು ಕೂತಿದ್ದ ಎರಡನೇ ಬಸ್ಸು ಅವುಗಳ ಪಕ್ಕದಲ್ಲೇ ಹಾದು ಹೋಗಿರಬೇಕು. ಅವರು ಗಿಡಗಂಟಿಗಳಲ್ಲಿ ನೋಡುತ್ತಿದ್ದರು, ಬಸ್ಸಿನಲ್ಲಿ ಯಾಕೆ ನೋಡುತ್ತಾರೆ?

ಔರಾದಿಗೆ ಹೋಗಿ ಇಳಿದಾಗ ಶಿವರಾಜ ನನ್ನನ್ನು ಅಪ್ಪಿಕೊಂಡ. ಹುಡುಗರೆಲ್ಲ ಮನೆಗೆ ಹೋಗಿದ್ದರು. ಅವನ ಫೋನಿನಿಂದ ಮೊದಲು ಹೆಂಡತಿಗೆ, ಆಮೇಲೆ ಕಾಶಿನಾಥ ಮಾಸ್ತರಿಗೆ ಕರೆ ಮಾಡಿದೆ.

"ಮಾಸ್ತರ್, ನಾ ಆ ಬಸ್ಸಿನ್ಯಾಗ ಇರಲೇ ಇಲ್ಲಲ್ರಿ."

"ಏನ್ ಹೇಳ್ತೀರಿ ಸರ್! ಕಿಡಕಿ ಬಾಜು ಕುಂತಿದ್ರಿ. ನಾ ನಮಸ್ಕಾರ ಮಾಡ್ದೆ. ನೀವು ಕೈ ಎತ್ತಿದ್ರಿ."

"ನಾ ಆವಾಗ ಚಹಾ ಕುಡೀಲತ್ತಿದ್ದೆ."

"ಮತ್ತ ಆ ಹಸ್ರು ದಸ್ತಿ ಯಾರದು?"

"ದಸ್ತಿ ನಂದೇ."

"ಹಾಂ ಮತ್ತ! ದಸ್ತಿ ಇತ್ತಂದ್ರ ನೀವೂ ಇದ್ರಿ. ಸರ್, ಬ್ಯಾಸರ ಮಾಡ್ಕೋಬ್ಯಾಡ್ರಿ, ಒಮ್ಮೆ ಶುಗರ್ ಚೆಕ್ ಮಾಡಿಸ್ಕೊಳ್ರಿ. ಮರವು ಅದರಿಂದೂ ಬರ್ತದ."

ನಾನು ಎಲ್ಲಿದ್ದೆ ಅನ್ನುವುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು! ಶಿವರಾಜ ನಕ್ಕ. ನಾನೂ ನಕ್ಕೆ. ಅರ್ಧ ನಕ್ಕವನಿಗೆ ನಗು ನಿಂತುಹೋಯಿತು.

ಯಾಕೆಂದರೆ ಅವತ್ತು ಬೆಳಿಗ್ಗೆ ಆ ವಕೀಲರ ಟೇಬಲ್ಲಿನ ಮುಂದೆ ಕೂತು ನಾನೂ ಇದೇ ಮಾತು ಹೇಳಿ ಬಂದಿದ್ದೆ. ಹೆಸರು ಮಾತ್ರ ಬೇರೆ.

ಮಾರುತಿ ಅಣ್ಣ ನನ್ನ ದೊಡ್ಡಪ್ಪನ ಮಗ. ಹಲಬರ್ಗಾದಲ್ಲಿ ಹೊಲ, ಕುರಿ. ಹನ್ನೆರಡು ವರ್ಷಗಳ ಹಿಂದೆ ಔರಾದ್ ಕಡೆ ಯಾರದೋ ಹತ್ತಿರ ಒಳ್ಳೆಯ ಟಗರು ಇದೆಯೆಂದು ನೋಡಲು ಹೊರಟ. ಭಾಲ್ಕಿ ನಿಲ್ದಾಣದಲ್ಲಿ ನನಗೆ ಸಿಕ್ಕ. ಇಬ್ಬರೂ ಚಹಾ ಕುಡಿದೆವು. ಅವನು ಔರಾದ್ ಬಸ್ಸು ಹತ್ತಿದ. ಮತ್ತೆ ಬರಲಿಲ್ಲ. ಟಗರಿನ ಮಾಲಕ ತನ್ನಲ್ಲಿಗೆ ಯಾರೂ ಬಂದಿಲ್ಲ ಅಂದ. ಪೊಲೀಸರು ಹುಡುಕಿದರು, ನಾವೂ ಹುಡುಕಿದೆವು. ಬಾವಿ, ಕೆರೆ, ಆಸ್ಪತ್ರೆ, ಮಠ. ಎಲ್ಲವೂ ಔರಾದ್ ಕಡೆಯವೇ. ಯಾಕೆಂದರೆ ಅವನು ಆ ಬಸ್ಸಿನಲ್ಲಿ ಕೂತಿದ್ದನ್ನು ಕಂಡವನಿದ್ದ. ಆ ಕಂಡವನು ನಾನು.

ಅಣ್ಣನ ಹೆಂಡತಿ ಶಾಂತಾ ವೈನಿ ಈ ಹನ್ನೆರಡು ವರ್ಷದಲ್ಲಿ ಔರಾದಿನ ಸಂತೆ ತಪ್ಪಿಸಿಲ್ಲ. ಕುರಿ ಮಾರುವುದಿರಲಿ ಬಿಡಲಿ, ಹೋಗುತ್ತಾರೆ. ಜನರ ಮುಖ ನೋಡಿ ವಾಪಸ್ ಬರುತ್ತಾರೆ. ಹಣೆಯ ಮೇಲೆ ಕುಂಕುಮ ಇದೆ.

ಅವರಿಗೆ ನನ್ನ ಸಾಕ್ಷಿ ಯಾಕೆ ಅಷ್ಟು ಬೇಕು ಅನ್ನುವುದು ಊರಿಗೆಲ್ಲ ಗೊತ್ತು. ಬಸ್ಸು ಹತ್ತಿದ್ದರೆ ಅಣ್ಣ ಹೊರಟದ್ದು ಟಗರಿಗೇ, ಅಂದರೆ ಮನೆಯ ಕೆಲಸಕ್ಕೇ. ಸಂಜೆಗೆ ವಾಪಸ್ ಬರುವವನೇ. ದಾರಿಯಲ್ಲಿ ಅವನಿಗೆ ಏನೋ ಆಗಿದೆ. ಬಸ್ಸು ಹತ್ತದೇ ಇದ್ದಿದ್ದರೆ? ಭಾಲ್ಕಿಯಿಂದ ಔರಾದಿಗೊಂದೇ ಬಸ್ಸೇ? ಹೈದರಾಬಾದಿಗಿದೆ, ಉದಗೀರಿಗಿದೆ, ಪುಣೆಗಿದೆ. ಹಾಗಾದರೆ ಅವನು ಬಿಟ್ಟು ಹೋದ. ಊರಿನ ಕೆಲವು ಬಾಯಿಗಳು ಮೊದಲ ವಾರವೇ ಹಾಗಂದಿದ್ದವು. ಆ ಬಾಯಿಗಳನ್ನು ಮುಚ್ಚಿಸಿದ್ದು ನನ್ನ ಮಾತು. ಎಂಎಸ್ಸಿ ಓದಿದವನು, ದೆವ್ವ ದೇವರು ಯಾವುದನ್ನೂ ನೋಡದೆ ನಂಬದವನು, ಅವನೇ ನೋಡಿದ್ದಾನೆ ಅಂದಮೇಲೆ ಮುಗಿಯಿತಲ್ಲ!

ಹೊಲ ಇನ್ನೂ ಅಣ್ಣನ ಹೆಸರಿನಲ್ಲಿದೆ. ಪಹಣಿಯಲ್ಲಿ ಅವನು ದಿನಾ ಹಾಜರು. ಅದು ವೈನಿಯ ಹೆಸರಿಗೆ ಬರಬೇಕು. ಏಳು ವರ್ಷ ಯಾರಿಗೂ ಸುದ್ದಿ ಇಲ್ಲದವನನ್ನು ಸತ್ತನೆಂದು ಭಾವಿಸಲು ಕಾನೂನಿನಲ್ಲಿ ಅವಕಾಶವಿದೆ. ಅಫಿಡವಿಟ್ಟಿನ ಕರಡನ್ನು ವಕೀಲರು ನನ್ನ ಮುಂದೆ ಓದಿದ್ದರು: 'ಸದರಿ ಮಾರುತಿಯವರು ಔರಾದ್ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕುಳಿತು ಹೋದದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ.' ಶನಿವಾರ ಬಂದು ಸಹಿ ಮಾಡಿ ಎಂದಿದ್ದರು. ಇಡೀ ಫೈಲಿನ ಜೆರಾಕ್ಸ್ ಕೊಟ್ಟು ಕಳಿಸಿದ್ದರು.

ನಾನು ಕಂಡದ್ದು ಏನು? ಅಣ್ಣನನ್ನೋ, ಅಣ್ಣನ ದಸ್ತಿಯನ್ನೋ?

ಬುಧವಾರ ಇಡೀ ದಿನ ಮನೆಯಲ್ಲಿ ಶತಪಥ ತಿರುಗಿದೆ. ಚಿದ್ರಿಯಲ್ಲಿ ನಮ್ಮ ಮನೆಯ ಮೇಲೆ ತರಬೇತಿ ವಿಮಾನಗಳು ದಿನಾ ಹಾರುತ್ತವೆ. ಸದ್ದು ಕೇಳಿ ತಲೆ ಎತ್ತುವುದರೊಳಗೆ ವಿಮಾನ ಮುಂದೆ ಹೋಗಿರುತ್ತದೆ. ನಾವು ನೋಡುವುದು ಸದ್ದು ಇರುವ ಜಾಗವನ್ನು, ವಿಮಾನ ಇರುವ ಜಾಗವನ್ನಲ್ಲ. ಇದನ್ನು ಎಷ್ಟು ಭಾಷಣಗಳಲ್ಲಿ ಹೇಳಿದ್ದೇನೋ. ನನಗೆ ನಾನೇ ಒಮ್ಮೆಯೂ ಹೇಳಿಕೊಂಡಿರಲಿಲ್ಲ.

ನನ್ನ ಭಾಷಣದ ಮುಖ್ಯ ವಿಮಾನ ನಿಮಗೂ ಗೊತ್ತು. ಮಲೇಷ್ಯಾದಿಂದ ಹೊರಟು ಚೀನಾ ಮುಟ್ಟದೇ ಹೋದದ್ದು. ಇನ್ನೂರಕ್ಕೂ ಹೆಚ್ಚು ಜನ ಇದ್ದರು. ರಾಡಾರಿನ ಪರದೆಯ ಮೇಲೆ ಒಂದು ಚುಕ್ಕೆ ಇತ್ತು, ಆಮೇಲೆ ಇರಲಿಲ್ಲ. ಚುಕ್ಕೆ ಕೊನೆಗೆ ಕಂಡ ಸಮುದ್ರದಲ್ಲಿ ಹಡಗುಗಳು ಮೊದಲು ಹುಡುಕಿದವು. ದಿನಗಟ್ಟಲೆ. ಆಮೇಲೆ ಲೆಕ್ಕ ಹಾಕಿದವರು ಅಂದರು: ಅದು ತಿರುಗಿತ್ತು, ತಾಸುಗಟ್ಟಲೆ ಹಾರಿತ್ತು, ಹುಡುಕಬೇಕಾದ ಸಮುದ್ರ ಇದಲ್ಲ, ಇನ್ನೊಂದು. ಮುಂದೆ ಸಾವಿರಾರು ಮೈಲಿ ಆಚೆಯ ದ್ವೀಪದ ದಂಡೆಗೆ ರೆಕ್ಕೆಯ ಒಂದು ತುಂಡು ಬಂದು ಬಿತ್ತು. ಅಷ್ಟೇ. ಅಪಘಾತವೋ, ಯಾರಾದರೂ ಬೇಕೆಂದೇ ತಿರುಗಿಸಿದ್ದೋ, ಖಚಿತವಾಗಿ ಹೇಳಬಲ್ಲವರು ಇವತ್ತಿಗೂ ಇಲ್ಲ. ಹುಡುಕಿದವರು ದಡ್ಡರಲ್ಲ. ಕೊನೆಯ ಚುಕ್ಕೆಯನ್ನು ನಂಬಿದರು. ಬೇರೆ ಏನನ್ನು ನಂಬಬೇಕಿತ್ತು?

ನಮ್ಮ ಮನೆಯವರ ಕೊನೆಯ ಚುಕ್ಕೆ ನಾನು.

ಭಾಷಣದ ಕೊನೆಗೆ ನಾನು ಅಣ್ಣನ ಮಾತೊಂದನ್ನು ಹೇಳುತ್ತಿದ್ದೆ. (ಹಳೆಯ ಓದುಗರಿಗೆ ನೆನಪಿರಬಹುದು, ಇಲ್ಲಿಯೂ ಬರೆದಿದ್ದೇನೆ.) ಆ ದಿನ ಚಹಾ ಕುಡಿಯುವಾಗ ಅಂಗಡಿಯ ಟಿವಿಯಲ್ಲಿ ಆ ವಿಮಾನದ ಸುದ್ದಿ ಬರುತ್ತಿತ್ತು. ಅಣ್ಣ ಬಸಿಯಲ್ಲಿ ಚಹಾ ಸುರಿದುಕೊಂಡು ಅಂದಿದ್ದ: "ಇಷ್ಟು ದೊಡ್ಡದು ಹ್ಯಾಂಗ ಕಳೀತದೋ ತಮ್ಮಾ? ನಮ್ಮದೊಂದು ಮರಿ ಕಳದ್ರ ಸಂಜಿ ಆಗೋದ್ರಾಗ ಹುಡುಕಿ ತರ್ತೀವಿ." ಇದನ್ನು ಹೇಳಿ, ಅದೇ ದಿನ ಅವನೂ ಕಾಣೆಯಾದ ಅಂದಾಗ ಸಭೆ ಸ್ತಬ್ಧವಾಗುತ್ತಿತ್ತು. ಒಳ್ಳೆಯ ಮುಕ್ತಾಯ. ಚಪ್ಪಾಳೆ ಬರುತ್ತಿತ್ತು.

ಗುರುವಾರ ಜೆರಾಕ್ಸಿನಲ್ಲಿ ಪೊಲೀಸ್ ದೂರಿನ ಪ್ರತಿ ಓದಿದೆ. ಮೇಲೆ ತಾರೀಖಿತ್ತು. ಅಲ್ಲಿಯವರೆಗೆ ಯಾರೂ ಅದನ್ನು ನೋಡುವ ಗೋಜಿಗೆ ಹೋಗಿರಲಿಲ್ಲ, ನೋಡುವುದೇನಿದೆ? ಆ ವಿಮಾನ ಹಾರಿದ ತಾರೀಖು ನನಗೆ ಬಾಯಿಪಾಠ.

ದೂರು ಕೊಟ್ಟದ್ದು ವಿಮಾನ ಹಾರುವುದಕ್ಕಿಂತ ಐದು ದಿನ ಮೊದಲು.

ಮತ್ತೊಮ್ಮೆ ಓದಿದೆ. ಕನ್ನಡಕ ಒರೆಸಿ ಓದಿದೆ. ಕಾಣೆಯಾಗಿರದ ವಿಮಾನದ ಬಗ್ಗೆ ಅಣ್ಣ ಹೇಗೆ ಮಾತಾಡಿದ? ಟಿವಿ? ಆ ಚಹಾದಂಗಡಿಯಲ್ಲಿ ಟಿವಿ ಇತ್ತಾದರೂ ಹೌದೇ? ಆ ಮಾತು ಯಾರದು? ಬೇರೆ ಯಾರೋ ಕುರಿ ಕಾಯುವವರು ಆಮೇಲೆ ಯಾವತ್ತೋ ಅಂದದ್ದೇ? ಅಥವಾ (ಬರೆಯಲು ನಾಚಿಕೆಯಾಗುತ್ತದೆ) ಚಪ್ಪಾಳೆಗಾಗಿ ನಾನೇ ಕಟ್ಟಿದ್ದೇ? ಆದರೆ ಬಸಿಯಿಂದ ಏಳುತ್ತಿದ್ದ ಹಬೆ ಕೂಡ ನನಗೆ ಕಾಣಿಸುತ್ತಿದೆಯಲ್ಲ! ಈಗಲೂ. ಇದನ್ನು ಬರೆಯುವಾಗಲೂ.

ಹೆಂಡತಿಗೆ ಹೇಳಿದೆ. ಅವಳು ಕೊತ್ತಂಬರಿ ಸೋಸುತ್ತಿದ್ದಳು.

"ಹನ್ನೆರಡು ವರ್ಷ ಎಲ್ಲಾರ ದೇವ್ರನ್ನ ಪರೀಕ್ಷಾ ಮಾಡಿದ್ರಿ. ಈಗ ನಿಮ್ಮ ಪಾಳಿ ಬಂದದ" ಅಂದಳು. ಕೊತ್ತಂಬರಿ ಪಕ್ಕಕ್ಕಿಟ್ಟು, "ವೈನಿಗಿ ಹೇಳ್ತೀರೇನು?" ಎಂದು ಕೇಳಿದಳು. ಅವಳ ದನಿ ಬದಲಾಗಿತ್ತು.

ಶುಕ್ರವಾರ ಹಲಬರ್ಗಾಕ್ಕೆ ಹೋದೆ.

ವೈನಿ ಅಂಗಳದಲ್ಲಿ ಎರಡು ದಿನದ ಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದರು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು, "ಬರ್ರಿ ಭಾವಜಿ. ಮನ್ನೆ ನೀವೇ ಕಳದಿದ್ರಂತ? ನಮ್ಮ ಮನಿ ಗಂಡಸರಿಗಿ ಔರಾದ ಬಸ್ಸೇ ಆಗಿ ಬರಲ್ಲ ನೋಡ್ರಿ" ಎಂದು ನಕ್ಕರು. ಸುದ್ದಿ ಅಷ್ಟರಲ್ಲಿ ಹಲಬರ್ಗಾ ಮುಟ್ಟಿತ್ತು.

ನಾನು ಹೋದಾಗಲೆಲ್ಲ ವೈನಿ ಒಂದು ಸಲ ಅದನ್ನು ಕೇಳಿಯೇ ಕೇಳುತ್ತಾರೆ. ನೀರು ಕೊಟ್ಟಮೇಲೆ, ಚಹಾಕ್ಕೆ ಇಡುವ ಮೊದಲು. ಅವತ್ತೂ ಕೇಳಿದರು.

"ಕಿಡಕಿ ಕಡೆ ಕುಂತಿದ್ರಲ್ರಿ?"

ಪ್ರತಿ ಸಲ ನಾನು ಹೂಂ ಅನ್ನುತ್ತೇನೆ. ನಕ್ಕಿದ್ರಲ್ಲ? ಹೂಂ. ನಿಮಗ ಕೈ ಮಾಡಿದ್ರಲ್ಲ? ಹೂಂ. ಅವತ್ತು ಬಾಯಿ ತೆರೆಯುವ ಮೊದಲು ನನಗೆ ಹೊಳೆಯಿತು. ಕಿಟಕಿಯೂ ಅವರದು. ನಗೆಯೂ ಅವರದು. ಎತ್ತಿದ ಕೈಯೂ ಅವರದೇ. ನನ್ನದು ಬರೀ ಹೂಂ.

"ವೈನಿ, ನಾ ಅಣ್ಣನ್ನ ಬಸ್ಸಿನ್ಯಾಗ ನೋಡಿಲ್ಲ ಅನಸ್ತದ" ಅಂದೆ. "ಚಹಾ ಕುಡದ್ವಿ, ಖರೆ. ಅವನು ದಸ್ತಿ ಒಗದಾ, ಅದೂ ಖರೆ. ಆಮ್ಯಾಗ ಬಸ್ಸು ಹೋಗುಮುಂದ ಸೀಟಿನ ಮ್ಯಾಲ ದಸ್ತಿ ಕಂಡೀನಿ. ಮನಶ್ಯಾ ಇದ್ನೋ ಇಲ್ಲೋ, ನನಗ ಗೊತ್ತಿಲ್ಲ."

ಮರಿ ಬಾಟಲಿ ಎಳೆಯುತ್ತಿತ್ತು. ವೈನಿ ಬಾಟಲಿಯನ್ನು ಇನ್ನಷ್ಟು ಎತ್ತಿ ಹಿಡಿದರು.

"ದಸ್ತಿ ಯಾವ ಬಣ್ಣದ್ದು?"

"ಬಿಳೀದು. ಕೆಂಪು ಅಂಚು."

ಅವರು ಮರಿಯನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಹೋದರು. ಟ್ರಂಕಿನ ಮುಚ್ಚಳ ತೆಗೆದ ಸದ್ದು ಬಂತು. ಮಡಚಿದ ಬಟ್ಟೆಯೊಂದನ್ನು ತಂದು ಬಿಡಿಸಿದರು. ಬಿಳಿಯದು. ಕೆಂಪು ಅಂಚು.

"ಇದೇನ್ರಿ?"

"ಹೂಂ. ಇದೇ."

"ಇದು ಅವತ್ತು ಮನ್ಯಾಗೇ ಇತ್ರಿ ಭಾವಜಿ. ನಾ ಮುಂಜಾನಿ ಒಗದು ಹಾಕಿದ್ದೆ. ಹಸಿ ಅದ ಅಂತ ಬಿಟ್ಟು ಹೋದ್ರು. ಬರೇ ಹೆಗಲಿಲೇ ಹೋಗ್ಯಾರ."

ಹಾಗಾದರೆ ನಾನು ಕಂಡ ದಸ್ತಿ ಯಾರದು? ಅವನ ಹೆಗಲ ಮೇಲೆ ಹಿಂದೆ ಸಾವಿರ ಸಲ ಕಂಡ ಬಟ್ಟೆಯನ್ನು ನಾನೇ ಆ ಸೀಟಿನ ಮೇಲೆ ಹಾಸಿದೆನೇ? ದಸ್ತಿಯೇ ಇರಲಿಲ್ಲ ಅಂದರೆ ನಾನು ನೋಡಿದ್ದು ಮನುಷ್ಯನನ್ನೇ ಆಗಿರಬೇಕಲ್ಲ? ಅಥವಾ ಇದು ವೈನಿಯ ನೆನಪಿನ ತಪ್ಪೇ? ಅಥವಾ ಅದು ನೆನಪೇ ಅಲ್ಲದೆ, ಗಂಡನನ್ನು ಮತ್ತೆ ಆ ಬಸ್ಸಿನಲ್ಲಿ ಕೂಡಿಸಲು ಅವರು ಆ ಕ್ಷಣದಲ್ಲಿ ಹಿಡಿದ ಹಗ್ಗವೇ? ಅವರ ಮುಖ ನೋಡಿದೆ. ಏನೂ ತಿಳಿಯಲಿಲ್ಲ. ಮರಿ ನನ್ನ ಅಂಗಿಯ ಗುಂಡಿ ಚೀಪುತ್ತಿತ್ತು.

"ಸಹಿ ಮಾಡಬ್ಯಾಡ ಅಂದ್ರ ಮಾಡಲ್ಲ" ಅಂದೆ.

"ಮಾಡ್ರಿ. ಹೊಲ ಆಗ್ಬೇಕು" ಅಂದರು ವೈನಿ. ದಸ್ತಿಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿದರು. "ಆದ್ರ ಒಂದ್ ಕೇಳ್ತೀನಿ. ಹನ್ನೆರಡು ವರ್ಷ ಔರಾದ ದಾರಿ ನೋಡೀನಿ. ಈಗ ನೀವ್ ಆ ದಾರಿ ಅಲ್ಲ ಅಂದ್ರ, ನಾ ಯಾವ ದಾರಿ ನೋಡ್ಲಿ?"

ಹಡಗಿನವರಿಗಾದರೂ ಯಾರೋ ಲೆಕ್ಕ ಹಾಕಿ ಇನ್ನೊಂದು ಸಮುದ್ರ ತೋರಿಸಿದ್ದರು.

ಶನಿವಾರ ಭಾಲ್ಕಿಗೆ ಇಬ್ಬರೂ ಹೋದೆವು. ವಕೀಲರಿಗೆ ಬಸ್ಸಿನ ಸಾಲು ತೆಗೆಯಿರಿ ಅಂದೆ. ಅವರಿಗೆ ಅದೇನು ದೊಡ್ಡ ವಿಷಯವಾಗಿರಲಿಲ್ಲ. "ಏಳು ವರ್ಷ ಸುದ್ದಿ ಇಲ್ಲ ಅನ್ನೋದೇ ಮುಖ್ಯ ಸರ್. ಬಸ್ಸು ಯಾವದಾದ್ರೇನು? ನಿಮಗ ಪಕ್ಕಾ ಗೊತ್ತಿದ್ದಷ್ಟೇ ಹೇಳ್ರಿ, ಬರೀತೀನಿ."

ಪಕ್ಕಾ ಗೊತ್ತಿರುವಷ್ಟು! ಎಂಎಸ್ಸಿ ಮಾಡಿದವನು ಐದು ನಿಮಿಷ ಯೋಚಿಸಿದೆ. ಕೊನೆಗೆ ಉಳಿದದ್ದು ಇಷ್ಟು: 'ಸದರಿ ಮಾರುತಿಯವರನ್ನು ನಾನು ಭಾಲ್ಕಿ ಬಸ್ ನಿಲ್ದಾಣದಲ್ಲಿ ಕಂಡಿರುತ್ತೇನೆ.' ಚಹಾ ಬಿಟ್ಟೆ. ಟಿವಿ ಬಿಟ್ಟೆ. ಮರಿಯ ಮಾತು ಬಿಟ್ಟೆ. ಸಹಿ ಮಾಡುವಾಗ ಆ ಒಂದು ಸಾಲಿನ ಮೇಲೂ ಪೆನ್ನು ತಡೆಯಿತು. ವೈನಿ ನನ್ನ ನಂತರ ತಮ್ಮ ಹೇಳಿಕೆಗೆ ಸಹಿ ಮಾಡಿದರು. 'ಪತಿ' ಎಂದಿದ್ದ ಕಡೆ ಬೆರಳಿಟ್ಟು ಒಮ್ಮೆ ಓದಿದರು, ಅಷ್ಟೇ.

ನನಗೆ ಭಾಲ್ಕಿಯಲ್ಲಿ ಇನ್ನೊಂದು ಕೆಲಸವಿತ್ತು. ವೈನಿಯನ್ನು ಬಸ್ಸಿಗೆ ಬಿಡಲು ನಿಲ್ದಾಣಕ್ಕೆ ಹೋದೆ. ಹಲಬರ್ಗಾದ ಮೇಲೆ ಹೋಗುವ ಬೀದರ್ ಬಸ್ಸು ಬಂತು, ಜನ ಮುತ್ತಿದರು. ಯೋಚಿಸುವ ಮೊದಲೇ ನನ್ನ ಕೈ ಕಿಟಕಿಯೊಳಗೆ ಹೋಗಿ ಹಸಿರು ದಸ್ತಿ ಒಗೆದಿತ್ತು. ವೈನಿ ಹತ್ತಿದರು, ಅದನ್ನು ತೆಗೆದು ಮಡಚಿ ಕಿಟಕಿಯಿಂದ ನನ್ನ ಕೈಗೆ ಕೊಟ್ಟರು, ಕೂತರು. ಕಂಡಕ್ಟರ್ ಸೀಟಿ ಊದಿದ.

"ಭಾವಜಿ" ಎಂದರು ಸರಳುಗಳ ಒಳಗಿನಿಂದ. "ಹಿಂಗೇ ಕುಂತಿದ್ರಲ್ರಿ ಅವ್ರು?"

ಆಗಷ್ಟೇ ಆ ಸಾಲನ್ನು ನನ್ನ ಕೈಯಾರೆ ತೆಗೆಸಿ ಬಂದಿದ್ದೆ. ಅವರೂ ಪಕ್ಕದಲ್ಲೇ ಕೂತು ನೋಡಿದ್ದರು.

"ಹೂಂ ವೈನಿ."

"ನಕ್ಕಿದ್ರಲ್ರಿ?"

ಬಸ್ಸು ಅಲುಗಿತು. "ಹೂಂ" ಅಂದೆ, ಜೋರಾಗಿ, ಅವರಿಗೆ ಕೇಳಿಸಲಿ ಎಂದು.

ಸುಳ್ಳು ಹೇಳಿದಿರಿ ಎಂದು ಕಾಶಿನಾಥ ಮಾಸ್ತರು ಈ ಸಲ ಖಂಡಿತ ಪತ್ರ ಬರೆಯುತ್ತಾರೆ. ಬರೆಯಲಿ. ಅದು ಸುಳ್ಳು ಅನ್ನಲು ಅವರ ಬಳಿ ಪುರಾವೆ ಏನಿದೆ?